ಹನ್ನೊಂದನೆಯ ಬ್ಯಾಂಡ್

ಅಪಘಾತವಾಗಿ ಎಪ್ಪತ್ತು ದಿನ ಕಳೆದರೂ ಜಯಂತನಿಗೆ ಪ್ರಜ್ಞೆ ಮರಳಿರಲಿಲ್ಲ. "ಅವರಿಗೆ ಇಷ್ಟವಾದ ಸಂಗೀತ ಹಾಕ್ತಾ ಇರಿ" ಎಂದು ಮೊದಮೊದಲು ಹೇಳುತ್ತಿದ್ದ ಡಾಕ್ಟರು ಈಗ ತಾರಿಣಿಯ ಮುಖ ನೋಡದೆ ಹೊರಟುಹೋಗುತ್ತಿದ್ದರು. ಗಂಡನ ಪ್ರೀತಿಯ ಪ್ರೊಗ್ರೆಸಿವ್ ರಾಕ್ ಬ್ಯಾಂಡಿನ ಇಪ್ಪತ್ತಿಪ್ಪತ್ತು ನಿಮಿಷದ ಹಾಡುಗಳನ್ನೆಲ್ಲ ಅವಳು ಅವನ ಕಿವಿಯ ಪಕ್ಕ ಮೊಬೈಲ್ ಇಟ್ಟು ಕೇಳಿಸಿ ಮುಗಿಸಿದ್ದಳು. ಒಂದು ರೆಪ್ಪೆಯೂ ಅಲುಗಿರಲಿಲ್ಲ.

ಇನ್ನೇನೂ ತೋಚದೆ, ಅದನ್ನೇ ಹೋಲುವ ಬೇರೆ ಬ್ಯಾಂಡುಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ದಿನಕ್ಕೊಂದರಂತೆ ಹಾಕತೊಡಗಿದಳು. ಅವಳ ಪಾಲಿಗೆ ಎಲ್ಲವೂ ಒಂದೇ ಗದ್ದಲ. ಹನ್ನೊಂದನೆಯ ದಿನ, ಹಾಡು ಶುರುವಾಗಿ ಎರಡು ನಿಮಿಷವಾಗಿರಬೇಕು, ಜಯಂತನ ಹುಬ್ಬು ಗಂಟಾಯಿತು. ಬಲಗೈಯ ಬೆರಳುಗಳು ಹಾಸಿಗೆಯನ್ನು ಕೆರೆದವು.

ತಾರಿಣಿ ಹಾಡು ನಿಲ್ಲಿಸಿ, ಕಾಲೇಜು ದಿನಗಳಿಂದ ಜಯಂತನ ಜೊತೆ ಡ್ರಮ್ಸ್ ಬಾರಿಸುತ್ತಿದ್ದ ಗೆಳೆಯ ಇಮ್ತಿಯಾಜನಿಗೆ ಫೋನ್ ಮಾಡಿದಳು.

"ಇಮ್ತಿಯಾಜ್, ಅವರು ಕೈ ಅಲ್ಲಾಡಿಸಿದ್ರು! ನಾನೇ ಕಣ್ಣಾರೆ ನೋಡಿದೆ!"

"ಅತ್ತಿಗೆ, ನಿಜವಾಗ್ಲೂ? ಯಾವ ಬ್ಯಾಂಡ್ ಹಾಕಿದ್ರಿ?"

ಅವಳು ಹೆಸರು ಹೇಳಿದಳು. ಇಮ್ತಿಯಾಜ್ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ.

"ಹೌದು, ಅದೇ. ಅವರಿಗೆ ತುಂಬಾ ಇಷ್ಟಾನಾ ಅದು?"

"ಇಷ್ಟಾನಾ? ಅದನ್ನ ಕಂಡ್ರೇ ಆಗ್ತಿರ್ಲಿಲ್ಲ ಅವನಿಗೆ. ನಾನು ಹಾಕಿದಾಗೆಲ್ಲ ಬೈಕೊಂಡು ಎದ್ದು ಬಂದು ಆಫ್ ಮಾಡ್ತಿದ್ದ." ಇಮ್ತಿಯಾಜನ ದನಿ ಒಡೆಯಿತು. "ಇನ್ನೂ ಜೋರಾಗಿ ಹಾಕಿ, ಅತ್ತಿಗೆ."