ಕಾಫಿಗೆ ಜೊತೆ

ಎಚ್‌ಆರ್‌ನ ವಾರಿಜಾ ಮೇಡಂ ಕಾಫಿಗೆ ಕರೆದರೆ ಕೆಲಸ ಹೋಯಿತೆಂದೇ ಲೆಕ್ಕ. ಎದುರಿನ ದರ್ಶಿನಿಗೆ ಕರೆದೊಯ್ದು, ತಾವೇ ಟೋಕನ್ ತೆಗೆದುಕೊಂಡು, "ಮೊದಲು ಕಾಫಿ ಕುಡೀರಿ, ಆಮೇಲೆ ಮಾತಾಡೋಣ" ಎನ್ನುತ್ತಿದ್ದರು. ಹೀಗಾಗಿ ಅವರ ದಿನದ ಕಾಫಿಗೆ ಆಫೀಸಿನವರು ಯಾರೂ ಜೊತೆಯಾಗುತ್ತಿರಲಿಲ್ಲ.

ಅಂದು ಅವರ ಕೈಕೆಳಗಿನ ಪ್ರಹ್ಲಾದ ತಾನಾಗಿಯೇ ಹಿಂದೆ ಬಂದ. "ನಾನೂ ಬರ್ತೀನಿ ಮೇಡಂ."

"ಏನಪ್ಪಾ, ಭಯ ಇಲ್ವಾ ನಿನಗೆ?" ಮೇಡಂ ನಕ್ಕರು. "ನನ್ನ ಕಂಡ್ರೆ ಎಲ್ರೂ ಲಿಫ್ಟ್ ಬಿಟ್ಟು ಮೆಟ್ಟಿಲು ಇಳೀತಾರೆ. ನೀನೊಬ್ಬನಾದ್ರೂ ಬಂದ್ಯಲ್ಲ."

ದರ್ಶಿನಿಯಲ್ಲಿ ಮೇಡಂ ಪರ್ಸ್ ತೆಗೆಯುವಷ್ಟರಲ್ಲಿ ಪ್ರಹ್ಲಾದನೇ ಟೋಕನ್ ತೆಗೆದುಕೊಂಡು ಬಂದ. ಬಿಸಿ ಲೋಟವನ್ನು ಅವರ ಮುಂದಿಟ್ಟು, ಮುಖ ನೋಡದೆ ಹೇಳಿದ:

"ಮೊದಲು ಕಾಫಿ ಕುಡೀರಿ ಮೇಡಂ. ಆಮೇಲೆ ಮಾತಾಡೋಣ."