ಮೀನೊಳಗಿನ ಮೀನು

ಮೊಮ್ಮಗನ ತುಟಿಗೆ ಮುಟ್ಟಿಸಬೇಕಾದ ಮೀನಿನ ಚೂರನ್ನು ಊಟದ ಕಡ್ಡಿಗಳಲ್ಲಿ ಹಿಡಿದಿದ್ದ ಯಸೊಕಿಚಿಯ ಕೈ ಅರ್ಧದಲ್ಲೇ ನಿಂತುಬಿಟ್ಟಿತು. ಕೂಸಿಗೆ ನೂರು ದಿನ ತುಂಬಿದಾಗ ಮೊದಲ ತುತ್ತಿನ ಶಾಸ್ತ್ರ ಮಾಡಬೇಕಾದವನು ಮನೆಯ ಹಿರಿಯ. ಅದಕ್ಕೆ ಕಡಲಿನ ಕೆಂಪು ಮೀನನ್ನೇ ತರುತ್ತೇನೆಂದು ಜಂಬದಿಂದ ದೋಣಿ ಇಳಿಸಿದವನು, ಮೂರು ದಿನ ಅಲೆದು ಬರಿಗೈಯಲ್ಲಿ ಮರಳಿದ್ದ. ತಟ್ಟೆಯಲ್ಲಿದ್ದದ್ದು ಸೊಸೆ ಮಿನೋರಿ ತನ್ನ ಸಾಕಣೆ ಕೇಂದ್ರದಿಂದ ತಂದ ಅದೇ ಜಾತಿಯ ಮೀನು. ಬೆಳವಣಿಗೆಗೆ ಕಡಿವಾಣ ಹಾಕುವ ಜೀನನ್ನು ಮೊಟ್ಟೆಯಲ್ಲೇ ಕತ್ತರಿಸಿ ಬೆಳೆಸಿದ ಅದರ ಬೆನ್ನು ದಿಂಬಿನಂತೆ ಉಬ್ಬಿತ್ತು.

"ಕೆಂಪು ಮೀನಂದ್ರೆ ರೆಕ್ಕೆ ಬುಡದಲ್ಲಿ ಮೀನಿನಾಕಾರದ್ದೇ ಒಂದು ಮೂಳೆ ಇರ್ಬೇಕು. ಇಷ್ಟೆಲ್ಲ ಕತ್ತರಿ ಆಡಿಸಿದ್ಮೇಲೆ ಅದೆಲ್ಲಿ ಉಳಿದಿರತ್ತೆ?" ಎಂದು ಗೊಣಗಿದ.

"ಬಿಡಿಸಿ ನೋಡಿ ಮತ್ತೆ! ಕೂಸು ಆಗ್ಲಿಂದ ಬಾಯಿ ತೆರ್ಕೊಂಡು ಕಾಯ್ತಿದೆ," ಎಂದು ಹೆಂಡತಿ ಫುಸಾ ರೇಗಿದಳು. ಮಿನೋರಿ ತಲೆ ಎತ್ತಲಿಲ್ಲ.

ಮುದುಕ ರೆಕ್ಕೆಯ ಬುಡ ಬಿಡಿಸಿದ. ಬೆಳ್ಳಗಿನ ಪುಟ್ಟ ಮೂಳೆಯೊಂದು ಕೈಗೆ ಬಂತು. ಕಣ್ಣಿನ ತೂತು, ಬಾಲದ ಬಾಗು, ಎಲ್ಲವೂ ಇದ್ದವು. ನಲವತ್ತು ವರ್ಷ ಕಡಲಲ್ಲಿ ತಾಯಿತದಂತೆ ತನ್ನನ್ನು ಕಾಯ್ದ ಅಂಥದ್ದೇ ಹಳೆಯ ಮೂಳೆಯನ್ನು ಕೊರಳ ಚೀಲದಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದ. ಎರಡೂ ಒಂದೇ ಅಚ್ಚು. ಮೀನಿನ ಚೂರನ್ನು ಕೂಸಿನ ತುಟಿಗೆ ಮುಟ್ಟಿಸಿದ. ಆಮೇಲೆ ಹೊಸ ಮೂಳೆಯನ್ನು ಚೀಲಕ್ಕೆ ಹಾಕಿಕೊಂಡು, ಎರಡೂ ಅಂಗೈ ಚಾಪೆಗೂರಿ ಸೊಸೆಯೆದುರು ತಲೆ ಬಾಗಿಸಿದ.

"ಹಳೇದನ್ನ ಮಗೂಗೆ ಎತ್ತಿಡಮ್ಮ. ನಾಳೆಯಿಂದ ಕಡಲಿಗೆ ನನ್ ಜೊತೆ ನಿನ್ ಮೀನು ಬರತ್ತೆ."