ತಮ್ಮನ ಕೊನೆಯ ಮಾತು

"ನಿಮ್ಮ ಹೊಸ ಕಾದಂಬರಿಗೆ ಒಂದು ಸಹಿ ಹಾಕ್ಕೊಡಿ ಸರ್," ಎಂದು ಆ ಹೆಂಗಸು ದಪ್ಪ ರಟ್ಟಿನ ನೋಟ್‌ಬುಕ್ಕೊಂದನ್ನು ಮೇಜಿನ ಮೇಲಿಟ್ಟಾಗ ಕಾದಂಬರಿಕಾರನಿಗೆ ನಗು ಬಂತು. ಅವನ ಕೊರಳಲ್ಲಿ ಸಾಹಿತ್ಯ ಉತ್ಸವದ ಗುರುತಿನ ಚೀಟಿ, ಕಾಲ ಬಳಿ ಚಕ್ರದ ಸೂಟ್‌ಕೇಸು. ಇನ್ನು ಹತ್ತು ನಿಮಿಷಕ್ಕೆ ಅವನ ಗೋಷ್ಠಿ, ಅದು ಮುಗಿದ ಕೂಡಲೇ ಇನ್ನೊಂದು ಊರಿನ ರೈಲು.

"ಅದು ಇನ್ನೂ ಬಂದೇ ಇಲ್ವಲ್ಲ ಮೇಡಂ. ಒಂದು ಸಾಲೂ ಬರೆದಿಲ್ಲ ನಾನು!"

"ನೀವು ಬರೀದಿದ್ರೇನಂತೆ, ಹೇಳಿದ್ದೀರಲ್ಲ. ನಾನು ಬರ್ಕೊಂಡಿದ್ದೀನಿ. ಮೂವತ್ತೆರಡು ವರ್ಷ ಕೋರ್ಟಲ್ಲಿ ಸ್ಟೆನೋ ಆಗಿದ್ದೆ ಸರ್. ರಿಟೈರ್ ಆದ್ರೂ ಕೈ ಸುಮ್ನಿರಲ್ಲ. ನೀವು ಮಾತಾಡೋ ಕಡೆಗೆಲ್ಲ ಬರ್ತೀನಿ. ಇವತ್ತಿಂದು ಬಿಟ್ಟು ಹನ್ನೊಂದು ಆಯ್ತು."

ಆಕೆ ಹೇಳಿದ್ದು ಸುಳ್ಳಲ್ಲ. ಎರಡು ವರ್ಷದಿಂದ ಅವನು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದ. ಪ್ರಕಾಶಕನಂತೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಬರೆಯದ ಪುಸ್ತಕದ ಮುಖಪುಟವನ್ನು ಆಳೆತ್ತರ ಅಚ್ಚು ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿದ್ದ. ಹೋದಲ್ಲೆಲ್ಲ ಅದೇ ಕಥೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನಿ, ಆದರೆ ಈ ದಾಸನನ್ನು ಟಿಕೆಟ್ಟು ಕಳಿಸಿ ಕರೆಸಿಕೊಂಡು ಹಾಡಿಸುತ್ತಿದ್ದರು.

ಕಥೆ ಅವನ ಸ್ವಂತ ತಮ್ಮನದು. ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ ಆಸ್ಪತ್ರೆಯಲ್ಲಿ, ಅಣ್ಣನೊಬ್ಬನೇ ಹತ್ತಿರವಿದ್ದಾಗ ಅವನು ಒಂದು ಮಾತು ಹೇಳಿ ಕಣ್ಣು ಮುಚ್ಚಿದ. ಔಷಧಿ ತರಲು ಹೋಗಿದ್ದ ತಮ್ಮನ ಹೆಂಡತಿ ಓಡಿ ಬಂದು, ಅಳುವುದನ್ನೂ ಮರೆತು ಮೊದಲು ಕೇಳಿದ್ದು ಅದನ್ನೇ: "ಕೊನೆಗೆ ಏನಂದ್ರು ಭಾವ?" ಆಗಲೇ ಹೇಳಿಬಿಡಬಹುದಿತ್ತು. ಆದರೆ ಅವನು ಬರಹಗಾರ. "ಅದು ಬಾಯಲ್ಲಿ ಹೇಳೋ ಮಾತಲ್ಲಮ್ಮ, ಬರೆದು ಕೊಡ್ತೀನಿ," ಎಂದುಬಿಟ್ಟ. ಭಾಷಣಗಳಲ್ಲಿ ಕೇಳಬೇಡ, ಪುಸ್ತಕದಲ್ಲೇ ಓದು ಎಂದು ಅವಳಿಂದ ಮಾತು ಕೂಡ ತೆಗೆದುಕೊಂಡ. ಪಾಪ, ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಇವತ್ತಿಗೂ ಕಾಯುತ್ತಿದ್ದಾಳೆ.

ಕಾದಂಬರಿಕಾರ ನೋಟ್‌ಬುಕ್ಕನ್ನು ಆಸೆಯಿಂದ ಎಳೆದುಕೊಂಡ. ಕೂತಲ್ಲೇ ಕಾದಂಬರಿ ಸಿಕ್ಕಿತಲ್ಲ! ಮುತ್ತಿನಂಥ ಅಕ್ಷರ. ಊರು, ತಾರೀಕು, ಆಡಿದ ಮಾತು. ಕೋರ್ಟಿನ ಅಭ್ಯಾಸಕ್ಕೆ ಸಭೆ ಏನು ಮಾಡಿತು ಎಂಬುದೂ ಕಂಸದಲ್ಲಿ. ಅವನು ಪುಟ ಹಾರಿಸುತ್ತ ತಮ್ಮನ ಕೊನೆಯ ಮಾತಿಗೆ ಬಂದ.

ಮೊದಲನೇ ಊರಿನಲ್ಲಿ ತಮ್ಮ ಹೇಳಿದ್ದ: 'ಅಣ್ಣಾ, ಕಿಟಕಿ ಮುಚ್ಚಬೇಡ.' (ಮೌನ.) ಐದನೆಯದರಲ್ಲಿ: 'ಅಣ್ಣಾ, ಕಿಟಕಿ ಮುಚ್ಚಬೇಡ, ಬೆಳಕಿಗೆ ಇರೋದು ಅದೊಂದೇ ದಾರಿ.' (ಚಪ್ಪಾಳೆ.) ಎಂಟನೆಯದರಲ್ಲಿ: 'ನಿನ್ನ ಮುಂದಿನ ಕಾದಂಬರಿ ಓದೋದು ತಪ್ಪಿತಲ್ಲಣ್ಣಾ, ಪುಣ್ಯ ಮಾಡಿದ್ದೆ.' (ಜೋರಾದ ನಗು.) ಹನ್ನೊಂದನೆಯದರಲ್ಲಿ ಕಿಟಕಿಯೂ ಇಲ್ಲ, ತಮಾಷೆಯೂ ಇಲ್ಲ: 'ಬರೀತಾ ಇರು ಅಣ್ಣಾ, ನಿಲ್ಲಿಸಬೇಡ.' (ಸಭಿಕರು ಎದ್ದು ನಿಂತು ಚಪ್ಪಾಳೆ.)

ಅವನು ಮತ್ತೆ ಮೊದಲನೇ ಊರಿನ ಪುಟಕ್ಕೆ ತಿರುವಿದ. ಉಪ್ಪುಖಾರ ಹಚ್ಚಿದ್ದು ತಾನೇ, ಗೊತ್ತು. ಹಾಗಾದರೆ ಮೊದಲನೆಯದೇ ನಿಜವಿರಬೇಕು ಎಂದುಕೊಂಡ. ಅಷ್ಟರಲ್ಲಿ ಆ ಮೊದಲ ವೇದಿಕೆಯ ಮೆಟ್ಟಿಲು ನೆನಪಾಯಿತು. ತಮ್ಮ ಆಡಿದ ಮಾತು ತೀರಾ ಸಾಮಾನ್ಯದ್ದು, ಇಷ್ಟು ಜನರ ಮುಂದೆ ಸಪ್ಪೆಯಾಗುತ್ತದೆ ಎನಿಸಿ, ಮೆಟ್ಟಿಲು ಹತ್ತುತ್ತಲೇ ಈ ಕಿಟಕಿಯನ್ನು ಹೊಂದಿಸಿಕೊಂಡಿದ್ದ. ಆ ಸಾಮಾನ್ಯ ಮಾತು ಯಾವುದು? ಚಪ್ಪಲಿಯ ವಿಷಯವೇ? ಬೀಗದ ಕೈಯದೇ? ಎಷ್ಟು ಕೆದಕಿದರೂ ಬಾಯಿಗೆ ಬರುವುದು ಆ ನಾಲ್ಕೇ. ಅದರಲ್ಲಿ ತಮ್ಮನ ಹೆಂಡತಿಯ ಹೆಸರಿತ್ತು ಎಂಬುದಷ್ಟೇ ಗಟ್ಟಿ. ಅವಳಿಗೆ ತಲುಪಿಸಬೇಕಾಗಿದ್ದ ಮಾತು ಅದು. ಅವನಿಗೆ ಅಲ್ಲೇ ಕೂತು ಗೋಳೋ ಎಂದು ಅಳಬೇಕೆನಿಸಿತು, ಅಳು ಬರಲಿಲ್ಲ.

"ಏಳಿ ಮಹರಾಯ್ರೇ, ಹಾಲ್ ತುಂಬಿ ತುಳುಕ್ತಿದೆ," ಎಂದು ಪ್ರಕಾಶಕ ಬಂದು ಭುಜ ತಟ್ಟಿದ. "ಸುತ್ತಿ ಬಳಸಿ ಹೋಗ್ಬೇಡಿ. ಸೀದಾ ತಮ್ಮಂದು ಹೇಳ್ಬಿಡಿ, ಜನ ಬಂದಿರೋದೇ ಅದಕ್ಕೆ."

"ಒಂದು ನಿಮಿಷ." ಕಾದಂಬರಿಕಾರ ನೋಟ್‌ಬುಕ್ಕನ್ನು ಸ್ಟೆನೋ ಕಡೆ ತಿರುಗಿಸಿದ. "ಅಮ್ಮಾ, ನೀವು ಅಷ್ಟು ವರ್ಷ ಸಾಕ್ಷಿಗಳ ಮಾತು ಕೇಳಿದವರು. ಸುಳ್ಳು ಯಾವುದು, ನಿಜ ಯಾವುದು ನಿಮಗೆ ಗೊತ್ತಾಗುತ್ತೆ. ದಮ್ಮಯ್ಯ, ಹೇಳಿ. ನನ್ನ ತಮ್ಮ ನಿಜವಾಗಿ ಏನಂದ?"

ಆ ಹೆಂಗಸು ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದಳು.

"ನಾನು ನೀವು ಹೇಳಿದ್ದನ್ನ ಬರ್ಕೊಂಡೋಳು ಸರ್. ಅವರು ಹೇಳಿದಾಗ ಕೇಳಿಸ್ಕೊಂಡೋರು ನೀವೊಬ್ಬರೇ ಅಲ್ವಾ?"